ಓದುಗರ ಪ್ರಶ್ನೆ: ಅಡಿಕೆ ತೋಟದಿಂದ ಆಗ್ನೇಯ ಏಷ್ಯಾದ ತರಗತಿಗೆ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಸುತ್ತುತ್ತಿದ್ದವು. ಶಿವಮೊಗ್ಗದ ಹೋಟೆಲೊಂದರ ಸಭಾಂಗಣದಲ್ಲಿ ನಡೆದ ವಿದೇಶಿ ಶಿಕ್ಷಣ ಮೇಳವೇ ಇದಕ್ಕೆ ಕಾರಣವಿರಬೇಕು. ಅಲ್ಲಿ ಹಂಚಿದ ಬಣ್ಣದ ಕೈಪಿಡಿಯೊಂದನ್ನು ಒಬ್ಬರು ಪತ್ರದ ಜೊತೆಗೇ ಮಡಚಿ ಕಳುಹಿಸಿದ್ದಾರೆ. ಆಗ್ನೇಯ ಏಷ್ಯಾದ ಹಲವು ದೇಶಗಳಲ್ಲಿದ್ದುಕೊಂಡು ವ್ಯವಹಾರ ನಿರ್ವಹಣೆಯನ್ನು ಓದುವುದು ಹೇಗೆ, ಅದರಿಂದ ಮಲೆನಾಡಿನ ಮಕ್ಕಳಿಗೆ ಆಗುವ ಉಪಯೋಗವೇನು ಎಂಬುದು ಎಲ್ಲರ ಪ್ರಶ್ನೆಯ ತಿರುಳು. ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಸಲ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಶಿವಮೊಗ್ಗದಲ್ಲಿ ಬಿ.ಕಾಂ. ಅಂತಿಮ ವರ್ಷದಲ್ಲಿದ್ದೇನೆ. ನಮ್ಮದು ಮೂರು ಎಕರೆ ಅಡಿಕೆ ತೋಟ, ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಮೇಳದಲ್ಲಿ ಒಂದು ಸಂಸ್ಥೆಯವರು ಎರಡು ವರ್ಷದ ಎಂಬಿಎ ಬಗ್ಗೆ ವಿವರಿಸಿದರು. ಮೂರು ದೇಶಗಳಲ್ಲಿ ಓದು, ಮುಗಿದ ಮೇಲೆ ಆಸಿಯಾನ್ ಎಂಬ ಆಗ್ನೇಯ ಏಷ್ಯಾ ಒಕ್ಕೂಟದ ಹನ್ನೊಂದು ದೇಶಗಳಲ್ಲೂ ಉದ್ಯೋಗಾವಕಾಶ ಎಂದು ಕೈಪಿಡಿಯಲ್ಲಿದೆ. ಇಂಥ ಓದಿನಿಂದ ನಮ್ಮಂಥ ಮನೆಯವರಿಗೆ ಪ್ರಯೋಜನವಿದೆಯೇ? ಅಷ್ಟು ದೊಡ್ಡ ಪ್ರದೇಶದ ವ್ಯವಹಾರವನ್ನು ಎರಡು ವರ್ಷದಲ್ಲಿ ಕಲಿಯಲು ಸಾಧ್ಯವೇ?
(ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಸಾಧ್ಯವಿಲ್ಲ. ಹಾಗೆಂದು ಓದೇ ಬೇಡ ಎನ್ನುತ್ತಿಲ್ಲ. ಏನನ್ನು ಕಲಿಯಲು ಹೋಗುತ್ತಿದ್ದೇನೆ ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡವರಿಗೆ ಅದರಿಂದ ಬಹಳ ಪ್ರಯೋಜನವಿದೆ, ಕೈಪಿಡಿಯ ಮೇಲಿನ ‘ಏಷ್ಯಾ’ ಎಂಬ ಪದ ನೋಡಿ ಹೊರಟವರಿಗೆ ಇಲ್ಲ.

ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುವುದು ನ್ಯಾಯ. ನಾನು ವಾಣಿಜ್ಯ ವಿಭಾಗದಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಆಸಿಯಾನ್ ಎಂಬುದು ಐದು ಅಂಕದ ಪ್ರಶ್ನೆಯಾಗಿತ್ತು. 1967ರ ಆಗಸ್ಟ್ 8ರಂದು ಬ್ಯಾಂಕಾಕಿನಲ್ಲಿ ಇಂಡೋನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ ಮತ್ತು ಥಾಯ್ಲೆಂಡ್ ಸೇರಿ ಕಟ್ಟಿಕೊಂಡ ಒಕ್ಕೂಟ, ಪ್ರಧಾನ ಕಚೇರಿ ಜಕಾರ್ತಾ, ಉದ್ದೇಶಗಳು ನಾಲ್ಕು. ಇಷ್ಟು ಬರೆದವರಿಗೆ ನಾನು ಐದಕ್ಕೆ ಐದೂ ಕೊಟ್ಟಿದ್ದೇನೆ. 1984ರಲ್ಲಿ ಬ್ರೂನೈ, 1995ರಲ್ಲಿ ವಿಯೆಟ್ನಾಂ, 1997ರಲ್ಲಿ ಲಾವೋಸ್ ಮತ್ತು ಮ್ಯಾನ್ಮಾರ್, 1999ರಲ್ಲಿ ಕಾಂಬೋಡಿಯಾ, ಕೊನೆಗೆ 2025ರ ಅಕ್ಟೋಬರಿನಲ್ಲಿ ಪೂರ್ವ ತಿಮೋರ್ ಸೇರಿ ಸಂಖ್ಯೆ ಹನ್ನೊಂದಾಯಿತು. ಒಂದೇ ಪುಟದಲ್ಲಿ ಇಷ್ಟೂ ಬಾವುಟಗಳನ್ನು ಸಾಲಾಗಿ ಅಚ್ಚು ಹಾಕಿದರೆ ಒಂದೇ ಮಾರುಕಟ್ಟೆಯಂತೆ ಕಾಣುತ್ತದೆ. ನಿಮ್ಮ ಕೈಪಿಡಿ ಮಾಡಿರುವುದೂ ಅದನ್ನೇ, ನಾನು ಮಾಡಿದ್ದೂ ಅದನ್ನೇ.

ಒಳಹೊಕ್ಕು ನೋಡಿದರೆ ಚಿತ್ರ ಬೇರೆಯೇ ಇದೆ. ಸಿಂಗಪುರ ಮತ್ತು ಮಲೇಷ್ಯಾದ ಕರಾರು ಕಾನೂನು ನಮ್ಮದರಂತೆ ಇಂಗ್ಲಿಷ್ ಬೇರಿನದು, ಆದ್ದರಿಂದ ಬಿ.ಕಾಂ. ಓದಿದ ನಿಮಗೆ ಅದು ಅಪರಿಚಿತವಾಗಿ ಕಾಣುವುದಿಲ್ಲ. ಇಂಡೋನೇಷ್ಯಾದ್ದು ಡಚ್ಚರು ಬಿಟ್ಟುಹೋದ ಸಂಹಿತೆಯ ಮೇಲೆ ನಿಂತದ್ದು, ಫಿಲಿಪ್ಪೀನ್ಸಿನಲ್ಲಿ ಸ್ಪೇನಿನ ಮತ್ತು ಅಮೆರಿಕದ ಪದ್ಧತಿಗಳು ಬೆರೆತಿವೆ, ವಿಯೆಟ್ನಾಂ ಮತ್ತು ಲಾವೋಸ್‌ಗಳಲ್ಲಿ ಕಮ್ಯುನಿಸ್ಟ್ ಪಕ್ಷದ ಆಡಳಿತವಿದೆ, ಯಾವ ಯುರೋಪಿಯನ್ ದೇಶದ ವಸಾಹತೂ ಆಗದ ಥಾಯ್ಲೆಂಡಿನದು ಮತ್ತೊಂದು ದಾರಿ. ಮುಸ್ಲಿಮರು ಅತ್ಯಧಿಕ ಸಂಖ್ಯೆಯಲ್ಲಿರುವ ದೇಶ, ಕ್ಯಾಥೊಲಿಕ್ ಬಹುಸಂಖ್ಯಾತ ದೇಶ, ತೇರವಾದ ಬೌದ್ಧ ದೇಶಗಳು ಎಲ್ಲವೂ ಈ ಒಂದೇ ಕೂಟದೊಳಗಿವೆ. ಒಕ್ಕೂಟದ ಸನ್ನದು ಇಂಗ್ಲಿಷನ್ನು ಕಾರ್ಯಭಾಷೆಯೆಂದು ಹೇಳುತ್ತದೆ ನಿಜ, ಆದರೆ ಅದು ಮಂತ್ರಿಗಳ ಸಭೆಯ ಭಾಷೆಯೇ ಹೊರತು ಮಂಡಿಯ ಭಾಷೆಯಲ್ಲ.

ಒಂದೇ ಪೆಟ್ಟಿಗೆ ಈ ದೇಶಗಳು ಹೇಗೆ ಬೇರೆಬೇರೆಯಾಗಿ ಪ್ರತಿಕ್ರಿಯಿಸುತ್ತವೆ ಎಂಬುದಕ್ಕೆ 1997ಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಆ ವರ್ಷದ ಜುಲೈ 2ರಂದು ಥಾಯ್ಲೆಂಡ್ ತನ್ನ ಬಾತ್ ಹಣದ ಬೆಲೆಯನ್ನು ಹಿಡಿದಿಡಲಾಗದೆ ಕೈಬಿಟ್ಟಿತು, ಕುಸಿತ ತಿಂಗಳುಗಳಲ್ಲೇ ಸುತ್ತಲಿನ ದೇಶಗಳಿಗೆ ಹಬ್ಬಿತು. ಥಾಯ್ಲೆಂಡ್ ಮತ್ತು ಇಂಡೋನೇಷ್ಯಾ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕೂ ಅದರ ಷರತ್ತುಗಳಿಗೂ ಒಪ್ಪಿಕೊಂಡವು. ಇಂಡೋನೇಷ್ಯಾದಲ್ಲಿ ಮೂರು ದಶಕ ಆಳಿದ ಸುಹಾರ್ತೊ 1998ರ ಮೇ ತಿಂಗಳಲ್ಲಿ ಅಧಿಕಾರವನ್ನೇ ಬಿಡಬೇಕಾಯಿತು. ಮಲೇಷ್ಯಾ ಆ ಸಾಲದ ಗೊಡವೆಗೇ ಹೋಗದೆ, 1998ರ ಸೆಪ್ಟೆಂಬರಿನಲ್ಲಿ ಬಂಡವಾಳ ಹೊರಹೋಗದಂತೆ ಬಾಗಿಲು ಹಾಕಿ, ಒಂದು ಡಾಲರಿಗೆ 3.80 ರಿಂಗಿಟ್ ಎಂದು ಬೆಲೆ ಕಟ್ಟಿ 2005ರವರೆಗೆ ಅದನ್ನೇ ಉಳಿಸಿಕೊಂಡಿತು. ನೀವು ಸೇರಲಿರುವ ಸಂಸ್ಥೆಯ ಅಧ್ಯಾಪಕರು ಈ ಮೂರು ದೇಶಗಳ ಕಥೆಯನ್ನು ಮೂರಾಗಿಯೇ ಹೇಳಬಲ್ಲರೇ ಎಂದು ಕೇಳಿ ನೋಡಿ. ‘ಏಷ್ಯಾದ ಬಿಕ್ಕಟ್ಟು’ ಎಂಬ ಒಂದೇ ಅಧ್ಯಾಯದಲ್ಲಿ ಮುಗಿಸುವವರಾದರೆ ಅವರ ಹತ್ತಿರ ಎರಡು ವರ್ಷ ಕಲಿಯುವಷ್ಟು ಸರಕಿಲ್ಲ.

ಇನ್ನು ಹನ್ನೊಂದು ದೇಶಗಳಲ್ಲಿ ಉದ್ಯೋಗ ಎಂಬ ಮಾತು. ಇದನ್ನು ಬರೆದವರು ಆಸಿಯಾನನ್ನು ಯುರೋಪಿಯನ್ ಒಕ್ಕೂಟದ ಹಾಗೆ ಭಾವಿಸಿದ್ದಾರೆ, ಇಲ್ಲವೇ ನೀವು ಹಾಗೆ ಭಾವಿಸಲಿ ಎಂದು ಬಯಸಿದ್ದಾರೆ. 2015ರ ಕೊನೆಗೆ ಆಸಿಯಾನ್ ಆರ್ಥಿಕ ಸಮುದಾಯ ಜಾರಿಗೆ ಬಂದಿತಾದರೂ, ಎಲ್ಲ ದೇಶಗಳಲ್ಲಿ ದುಡಿಯಲು ಬಿಡುವ ಒಂದೇ ಪರವಾನಗಿ ಅಲ್ಲಿ ಇಲ್ಲ. ಎಂಜಿನಿಯರಿಂಗ್, ನರ್ಸಿಂಗ್, ವಾಸ್ತುಶಿಲ್ಪ, ಸರ್ವೆ, ವೈದ್ಯಕೀಯ, ದಂತವೈದ್ಯ, ಲೆಕ್ಕಪತ್ರ ಮತ್ತು ಪ್ರವಾಸೋದ್ಯಮ, ಹೀಗೆ ಎಂಟು ವೃತ್ತಿಗಳ ಅರ್ಹತೆಯನ್ನು ಪರಸ್ಪರ ಒಪ್ಪಿಕೊಳ್ಳುವ ಒಡಂಬಡಿಕೆಗಳಿವೆ. ವ್ಯವಹಾರ ನಿರ್ವಹಣೆ ಆ ಎಂಟರಲ್ಲಿ ಸೇರಿಲ್ಲ, ಮೇಲಾಗಿ ಆ ಅನುಕೂಲ ಇರುವುದು ಆಯಾ ದೇಶಗಳ ಪ್ರಜೆಗಳಿಗೆ. ಭಾರತದ ಪಾಸ್‌ಪೋರ್ಟ್ ಹಿಡಿದ ನಿಮಗೆ ಪ್ರತಿ ದೇಶದಲ್ಲೂ ಪ್ರತ್ಯೇಕ ವಿದ್ಯಾರ್ಥಿ ವೀಸಾ, ನಂತರ ಪ್ರತ್ಯೇಕ ಕೆಲಸದ ಅನುಮತಿ ಬೇಕಾಗುತ್ತದೆ. ಪ್ರವಾಸಿಗರನ್ನು ವೀಸಾ ಇಲ್ಲದೆ ಬಿಡುವ ದೇಶವೂ ಅದೇ ಸಲಿಗೆಯಲ್ಲಿ ತರಗತಿಗೆ ಕೂರಲು ಬಿಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಪ್ರಯೋಜನದ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎಂಬಿಎ ಅಲ್ಲ, ಮೆಣಸಿನ ಬಳ್ಳಿ. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆದು ರಫ್ತು ಮಾಡುವ ದೇಶ ಇಂದು ವಿಯೆಟ್ನಾಂ. ನಾವು ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿ ಎರಡನೆಯ ಫಸಲೆಂದು ತೆಗೆದುಕೊಳ್ಳುವುದನ್ನು ಅಲ್ಲಿಯವರು ಕಂಬಗಳನ್ನು ಒತ್ತೊತ್ತಾಗಿ ನೆಟ್ಟು, ಅದೊಂದನ್ನೇ ಮುಖ್ಯ ಬೆಳೆಯಾಗಿ ಬೆಳೆಯುತ್ತಾರೆ. ಭಾರತ ಮತ್ತು ಆಸಿಯಾನ್ ನಡುವಿನ ಸರಕು ಒಪ್ಪಂದ 2010ರ ಜನವರಿ 1ರಂದು ಜಾರಿಗೆ ಬಂದಾಗ ಮೆಣಸನ್ನು, ಕಾಫಿ, ಚಹಾ ಮತ್ತು ತಾಳೆ ಎಣ್ಣೆಯ ಜೊತೆಗೆ, ವಿಶೇಷ ಪಟ್ಟಿಗೆ ಹಾಕಿ, ಶೇ 70ರಷ್ಟಿದ್ದ ಸುಂಕವನ್ನು 2019ರ ಕೊನೆಯ ಹೊತ್ತಿಗೆ ಶೇ 50ಕ್ಕೆ ನಿಧಾನವಾಗಿ ಇಳಿಸುವುದೆಂದು ಮಾತಾಯಿತು. ಶ್ರೀಲಂಕಾದೊಂದಿಗಿನ ಒಪ್ಪಂದದಲ್ಲಿ ಸುಂಕ ಇದಕ್ಕಿಂತ ಬಹಳ ಕಡಿಮೆ. ಅದರಿಂದಾಗಿ ವಿಯೆಟ್ನಾಮಿನ ಮೆಣಸೇ ಶ್ರೀಲಂಕಾದ ಹೆಸರು ಹೊತ್ತು ಒಳಬರುತ್ತಿದೆಯೆಂದು ನಮ್ಮ ಬೆಳೆಗಾರರು ದೂರುತ್ತ ಬಂದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಪಡಿಸಿತು. ಅಡಿಕೆಗೂ ಇಂಥದೇ ಬೇಲಿ ಇದೆ, 2023ರ ಫೆಬ್ರುವರಿಯಲ್ಲಿ ಅದನ್ನು ಕಿಲೋಗೆ 351 ರೂಪಾಯಿಗೆ ಏರಿಸಲಾಯಿತು. ನಿಮ್ಮ ತಂದೆಯವರು ಮಂಡಿಯಲ್ಲಿ ಕುಳಿತು ಮಾತಾಡುವ ಧಾರಣೆಯ ಹಿಂದೆ ಜಕಾರ್ತಾ, ಹೋ ಚಿ ಮಿನ್ ನಗರ ಮತ್ತು ಕೊಲಂಬೊಗಳು ಹೀಗೆ ಕುಳಿತಿವೆ. ಸರಕಿನ ಮೂಲ ಯಾವ ದೇಶದ್ದೆಂದು ತೀರ್ಮಾನಿಸುವ ನಿಯಮಗಳನ್ನು ಪುಸ್ತಕದಲ್ಲಿ ಓದುವ ವಿದ್ಯಾರ್ಥಿಗೆ ಅದೊಂದು ಒಣ ಅಧ್ಯಾಯ. ನಿಮಗೆ ಅದು ಮನೆಯ ಅಟ್ಟದ ಮೇಲಿರುವ ಚೀಲದ ಲೆಕ್ಕ.

ಆದ್ದರಿಂದ ನನ್ನ ಸಲಹೆ ಇಷ್ಟು: ಪ್ರದೇಶವನ್ನು ಕಲಿಯಲು ಹೋಗಬೇಡಿ, ಮೆಣಸನ್ನು ಕೈಯಲ್ಲಿ ಹಿಡಿದು ಆ ಪ್ರದೇಶದೊಳಗೆ ನಡೆಯಿರಿ. ಒಂದೇ ಕಾಳು ವಿಯೆಟ್ನಾಮಿನಲ್ಲಿ ರಾಶಿಗಟ್ಟಲೆ ಕಡಿಮೆ ಲಾಭಕ್ಕೆ ಮಾರಾಟವಾಗುತ್ತದೆ. ಪಕ್ಕದ ಕಾಂಬೋಡಿಯಾದ ಕಾಂಪೋಟ್ ಪ್ರಾಂತ್ಯದಲ್ಲಿ 2010ರಲ್ಲಿ ಊರಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಭೌಗೋಳಿಕ ಗುರುತು, 2016ರಲ್ಲಿ ಯುರೋಪಿಯನ್ ಒಕ್ಕೂಟದ ಮಾನ್ಯತೆ ಪಡೆದು, ಸ್ವಲ್ಪವೇ ಬೆಳೆದು ಹೆಚ್ಚು ಬೆಲೆಗೆ ಹೋಗುತ್ತದೆ. ಇಂಡೋನೇಷ್ಯಾದ ಬಂಗ್ಕಾ ದ್ವೀಪದಲ್ಲಿ ಸಿಪ್ಪೆ ಕಳೆದು ‘ಮುಂಟೋಕ್’ ಬಿಳಿ ಮೆಣಸಾಗುತ್ತದೆ. ಸಿಂಗಪುರದಲ್ಲಿ ಒಂದು ಬಳ್ಳಿಯೂ ಇಲ್ಲದೆ ವ್ಯಾಪಾರ ನಡೆಯುತ್ತದೆ. ಈ ನಾಲ್ಕೂ ಬೇರೆಬೇರೆ ವಿಧದ ನಿರ್ವಹಣೆಗಳು. ಭಾರತವೂ ಸದಸ್ಯನಾಗಿರುವ ಅಂತರರಾಷ್ಟ್ರೀಯ ಮೆಣಸು ಸಮುದಾಯದ ಕಚೇರಿ ಇರುವುದೂ ಜಕಾರ್ತಾದಲ್ಲೇ. ಸಂಶೋಧನಾ ಪ್ರಬಂಧಕ್ಕೆ ಇದಕ್ಕಿಂತ ಫಲವತ್ತಾದ ವಿಷಯ ನಿಮ್ಮ ಸಹಪಾಠಿಗಳಲ್ಲಿ ಯಾರ ಬಳಿಯೂ ಇರಲಾರದು.

ಭಾಷೆಯ ವಿಷಯವನ್ನು ಕೈಪಿಡಿ ಒಂದೇ ಸಾಲಿನಲ್ಲಿ ಮುಗಿಸಿದೆ: ‘ಬೋಧನೆ ಸಂಪೂರ್ಣ ಇಂಗ್ಲಿಷಿನಲ್ಲಿ’. ಇದನ್ನು ಅವರು ಅನುಕೂಲವೆಂದು ಬರೆದಿದ್ದಾರೆ, ನನಗೆ ಕೊರತೆಯೆಂದು ಕಾಣುತ್ತದೆ. ಹೊಸನಗರ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಂಬಾರ ಪದಾರ್ಥಗಳ ಕಂಪನಿಯೊಂದರ ಪರವಾಗಿ ಹೋ ಚಿ ಮಿನ್ ನಗರಕ್ಕೆ ಮೆಣಸು ಖರೀದಿಗೆ ಹೋಗಿದ್ದ. ಅಲ್ಲಿ ಕರಿಮೆಣಸನ್ನು ಲೀಟರ್ ತೂಕದ ಮೇಲೆ ಅಳೆಯುತ್ತಾರೆ. ಒಂದು ಲೀಟರಿನ ಪಾತ್ರೆಗೆ ಕಾಳು ಸುರಿದು, ಚಪ್ಪಟೆ ಕೋಲಿನಿಂದ ಬಾಯಿಮಟ್ಟಕ್ಕೆ ಸವರಿ, ತಕ್ಕಡಿಗಿಟ್ಟು ಬರುವ ಗ್ರಾಮಿನ ಲೆಕ್ಕವೇ ದರ್ಜೆ. 500 ಒಂದು ದರ್ಜೆ, 550 ಅದಕ್ಕಿಂತ ಮೇಲಿನದು. ಅವನ ಎದುರು ಸವರಿದ ಪಾತ್ರೆ 548 ತೋರಿಸಿತು. ಇವನು ಕರಾರಿನ ಪ್ರಕಾರ 550 ಇಲ್ಲ, ಆದ್ದರಿಂದ ಬೆಲೆ ಇಳಿಸಬೇಕು ಎಂದು ವಿವರವಾಗಿ ಹೇಳುತ್ತ ಹೋದ. ಎದುರಿಗಿದ್ದ ಹುಡುಗ ಪ್ರತಿ ಮಾತಿಗೂ ತಲೆಬಾಗಿಸಿ ‘ಯಾ, ಯಾ’ ಎಂದ. ಒಪ್ಪಿಗೆಯಾಯಿತೆಂದು ಇವನು ಸಂತೋಷದಿಂದ ಹೋಟೆಲಿಗೆ ಮರಳಿದ. ಸರಕಿನ ಜೊತೆ ಬಂದ ಬಿಲ್ಲಿನಲ್ಲಿ ಹಳೆಯ ಬೆಲೆಯೇ ಇತ್ತು. ದಕ್ಷಿಣ ವಿಯೆಟ್ನಾಮಿನ ಆ ‘ಯಾ’ ದೊಡ್ಡವರ ಎದುರು ಹೇಳುವ ಮರ್ಯಾದೆಯ ಮಾತು, ‘ಕೇಳುತ್ತಿದ್ದೇನೆ, ಹೇಳಿ’ ಎಂದಷ್ಟೇ ಅದರ ಅರ್ಥ. ನಮ್ಮೂರಲ್ಲಿ ಹಿರಿಯರು ಮಾತಾಡುವಾಗ ನಾವು ‘ಹ್ಞೂಂ, ಹ್ಞೂಂ’ ಎನ್ನುತ್ತೇವಲ್ಲ, ಹಾಗೆ. ಅವರ ಮಾತಿಗೆಲ್ಲ ನಾವು ರುಜು ಹಾಕಿದೆವೆಂದು ಯಾರೂ ತಿಳಿಯುವುದಿಲ್ಲ. ಆ ಹುಡುಗ ಮೋಸವನ್ನೇನೂ ಮಾಡಿರಲಿಲ್ಲ ಎಂದು ನನ್ನ ವಿದ್ಯಾರ್ಥಿಗೆ ಅರ್ಥವಾಗಲು ಇನ್ನೂ ಎರಡು ಪ್ರಯಾಣಗಳು ಬೇಕಾದವು.

ಇಂಥದನ್ನು ಗ್ರಹಿಸುವುದರಲ್ಲಿ ಕನ್ನಡದ ಮಕ್ಕಳು ಹಿಂದೆ ಬೀಳಬೇಕಾಗಿಲ್ಲ. ವಿಯೆಟ್ನಾಮೀಯರಲ್ಲಿ ‘ನೀವು’ ಎಂಬುದಕ್ಕೆ ಎಲ್ಲರಿಗೂ ಸಲ್ಲುವ ಒಂದೇ ಪದವಿಲ್ಲ. ಎದುರಿನವರ ವಯಸ್ಸು ನೋಡಿ ಅಣ್ಣ, ಅಕ್ಕ, ತಮ್ಮ, ಚಿಕ್ಕಪ್ಪ ಎಂಬ ಸಂಬಂಧವಾಚಕದಿಂದಲೇ ಮಾತಾಡಬೇಕು. ಇಂಡೋನೇಷ್ಯಾದ ಕಚೇರಿಯಲ್ಲಿ ಮೇಲಧಿಕಾರಿಯನ್ನು ‘ಪಾಕ್’ ಎಂದೂ ‘ಬು’ ಎಂದೂ ಕರೆಯುತ್ತಾರೆ, ಅಪ್ಪ, ಅಮ್ಮ ಎಂದೇ ಅದರ ಮೂಲಾರ್ಥ. ಮಲಯ ಮತ್ತು ಇಂಡೋನೇಷ್ಯಾದ ಭಾಷೆಗಳಲ್ಲಿ ಬೆಲೆಗೆ ‘ಹರ್ಗ’ ಎನ್ನುತ್ತಾರೆ, ಅದು ಸಂಸ್ಕೃತದ ‘ಅರ್ಘ’; ಉದ್ಯಮಕ್ಕೆ ‘ಉಸಾಹ’, ಅದು ನಮ್ಮ ‘ಉತ್ಸಾಹ’. ಮೆಣಸಿಗೆ ‘ಮೆರಿಚ’, ಅದು ‘ಮರೀಚ’. ಅಡಿಕೆಗೆ ‘ಪಿನಾಂಗ್’, ಪೆನಾಂಗ್ ದ್ವೀಪದ ಹೆಸರಿನ ಅರ್ಥವೇ ಅಡಿಕೆ ದ್ವೀಪ ಎಂದು, ಆ ರಾಜ್ಯದ ಬಾವುಟದ ಮೇಲೂ ಅಡಿಕೆ ಮರವಿದೆ. ವಿಯೆಟ್ನಾಮಿನ ಮದುವೆ ಮಾತುಕತೆಗೆ ಗಂಡಿನ ಕಡೆಯವರು ತಟ್ಟೆಯಲ್ಲಿ ಒಯ್ಯುವುದೂ ವೀಳ್ಯದೆಲೆ, ಅಡಿಕೆಯನ್ನೇ. ತೀರ್ಥಹಳ್ಳಿಯವರಿಗೆ ಇದಕ್ಕಿಂತ ಹೆಚ್ಚಿನ ಪರಿಚಯ ಪತ್ರ ಬೇಕೇ? ಮೂರು ದೇಶ ಸುತ್ತುವ ಓದಿನಲ್ಲಿ ಒಂದು ಸ್ಥಳೀಯ ಭಾಷೆಯನ್ನಾದರೂ ಅಂಕಗಳಿಗೆ ಸೇರಿಸಿ ಕಲಿಸುವುದಿಲ್ಲವೆಂದಾದರೆ ನಾನು ಆ ಕೈಪಿಡಿಯನ್ನು ಅಲ್ಲಿಗೇ ಮಡಚಿಡುತ್ತೇನೆ.

ಸಂಸ್ಥೆಯವರನ್ನು ಮತ್ತೆ ಭೇಟಿಯಾದಾಗ ದೇಶಗಳ ಸಂಖ್ಯೆಯನ್ನು ಕೇಳಬೇಡಿ, ಪ್ರತಿ ದೇಶದಲ್ಲಿ ಎಷ್ಟು ವಾರ ಇರಿಸುತ್ತೀರಿ ಎಂದು ಕೇಳಿ. ಒಂದೇ ಊರಿನಲ್ಲಿ ತರಗತಿ ನಡೆಸಿ, ಉಳಿದ ಎರಡು ದೇಶಗಳಿಗೆ ವಾರದ ಪ್ರವಾಸ ಕರೆದೊಯ್ದು, ಒಂದು ಕಾರ್ಖಾನೆ ಮತ್ತು ಒಂದು ದೇವಾಲಯ ತೋರಿಸಿ ತರುವುದನ್ನು ಕೆಲವರು ‘ಬಹುರಾಷ್ಟ್ರೀಯ ಶಿಕ್ಷಣ’ವೆನ್ನುತ್ತಾರೆ. ಕೊನೆಯಲ್ಲಿ ಪದವಿ ಪತ್ರಕ್ಕೆ ಸಹಿ ಹಾಕುವ ವಿಶ್ವವಿದ್ಯಾಲಯ ಯಾವುದು, ಸ್ಥಳೀಯ ಕಂಪನಿಯಲ್ಲಿ ಕೆಲಸ ಕಲಿಯುವ ಅವಧಿ ಎಷ್ಟು, ಆ ಅವಧಿಗೆ ವೀಸಾ ಮಾಡಿಸಿಕೊಡುವವರು ಯಾರು ಎಂಬುದೂ ಬರಹದಲ್ಲಿ ಸಿಗಬೇಕು. ಹೋಲಿಸಿ ನೋಡಲು ಹೆಸರುವಾಸಿಯಾದ ಕೆಲವು ಸಂಸ್ಥೆಗಳನ್ನು ಗಮನಿಸಿ: ಮನಿಲಾದಲ್ಲಿ 1968ರಲ್ಲಿ ಆರಂಭವಾದ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್, ಬ್ಯಾಂಕಾಕ್ ಸಮೀಪದ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ನಿರ್ವಹಣಾ ವಿಭಾಗ, ಬ್ಯಾಂಕಾಕಿನ ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ಸಾಸಿನ್ ನಿರ್ವಹಣಾ ಶಾಲೆ, ಮಲೇಷ್ಯಾದ ಕೇಂದ್ರ ಬ್ಯಾಂಕು ಅಮೆರಿಕದ ಎಂಐಟಿ ಸ್ಲೋನ್ ಜೊತೆ ಸೇರಿ 2015ರಲ್ಲಿ ಕಟ್ಟಿದ ಏಷ್ಯಾ ಸ್ಕೂಲ್ ಆಫ್ ಬಿಸಿನೆಸ್. ಇವು ನಿಮಗೆ ಸಿಗುತ್ತವೆಯೆಂದೋ ಕೈಗೆಟಕುತ್ತವೆಯೆಂದೋ ಹೇಳುತ್ತಿಲ್ಲ, ಅಳತೆಗೋಲಾಗಿ ಇಟ್ಟುಕೊಳ್ಳಿ. ಇವುಗಳಲ್ಲಿ ಹಲವು ಕಡೆ ಕೆಲಸದ ಅನುಭವ ಇದ್ದವರಿಗೆ ಆದ್ಯತೆ. ಬಿ.ಕಾಂ. ಮುಗಿಸಿದ ಮೇಲೆ ಒಂದೆರಡು ವರ್ಷ ಅಡಿಕೆ ಸಹಕಾರ ಸಂಘದಲ್ಲೋ, ಕೊಚ್ಚಿ ಅಥವಾ ಮಂಗಳೂರಿನ ರಫ್ತು ಕಂಪನಿಯಲ್ಲೋ ದುಡಿದು ಹೋದರೆ ತರಗತಿಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ, ಮೇಳದವರು ಹೇಳಿದ ‘ಈ ತಿಂಗಳೇ ಕೊನೆ’ ಎಂಬ ಅವಸರವೂ ತಪ್ಪುತ್ತದೆ.

ಪ್ರಶ್ನೆ: ಮೇಷ್ಟ್ರೇ, ಮಗಳು ಮಲೇಷ್ಯಾದಲ್ಲಿ ಎಂಬಿಎ ಮಾಡುತ್ತೇನೆ ಎನ್ನುತ್ತಿದ್ದಾಳೆ. ಆ ಪದವಿಗೆ ಇಲ್ಲಿ ಬೆಲೆ ಇದೆಯೇ? ಬ್ಯಾಂಕಿನಲ್ಲಿ ತೋಟವನ್ನು ಆಧಾರ ಮಾಡಿ ಸಾಲ ತೆಗೆಯುವ ಯೋಚನೆ ಇದೆ.
(ಒಬ್ಬ ತಂದೆ, ಸಾಗರ)

ಉತ್ತರ: ಖಾಸಗಿ ಕಂಪನಿಗಳು ವಿಶ್ವವಿದ್ಯಾಲಯದ ಹೆಸರು ಮತ್ತು ಮಗಳ ಕೆಲಸವನ್ನು ನೋಡುತ್ತವೆ. ಸರ್ಕಾರಿ ಹುದ್ದೆಗೋ ಇಲ್ಲಿ ಪಿಎಚ್‌.ಡಿ.ಗೋ ಅರ್ಜಿ ಹಾಕುವಾಗ ಮಾತ್ರ ವಿದೇಶಿ ಪದವಿ ಇಲ್ಲಿಯದಕ್ಕೆ ಸಮಾನವೆಂಬ ಪ್ರಮಾಣಪತ್ರ ಬೇಕು. ಬಹುಕಾಲ ಇದನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಕೊಡುತ್ತಿತ್ತು. 2025ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಇದಕ್ಕೆಂದೇ ಹೊಸ ನಿಯಮಾವಳಿ ಹೊರಡಿಸಿದೆ. ಅದರ ಪ್ರಕಾರ ಪದವಿ ಕೊಟ್ಟ ಸಂಸ್ಥೆಗೆ ಅದರ ಸ್ವಂತ ದೇಶದಲ್ಲಿ ಮಾನ್ಯತೆ ಇರಬೇಕು, ಮತ್ತೊಬ್ಬರ ಹೆಸರನ್ನು ಬಾಡಿಗೆಗೆ ಪಡೆದು ನಡೆಸುವ ಫ್ರಾಂಚೈಸಿ ಪದವಿಗಳಿಗೆ ಸಮಾನತೆ ಸಿಗುವುದಿಲ್ಲ. ಮಲೇಷ್ಯಾದಲ್ಲಿ ಪ್ರತಿ ಕೋರ್ಸಿಗೂ ಅಲ್ಲಿಯ ಅರ್ಹತಾ ಪ್ರಾಧಿಕಾರದ ಮಾನ್ಯತೆ ಇರಬೇಕು, ಅದರ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಬಹುದು. ಅಲ್ಲಿ ಮೊನಾಶ್, ನಾಟಿಂಗ್‌ಹ್ಯಾಮ್‌ನಂಥ ವಿದೇಶಿ ವಿಶ್ವವಿದ್ಯಾಲಯಗಳ ಸ್ವಂತ ಕ್ಯಾಂಪಸ್‌ಗಳೂ ಇವೆ. ಸ್ವಂತ ಕ್ಯಾಂಪಸ್ ಬೇರೆ, ‘ಸಹಯೋಗ’ ಎಂದು ಬೋರ್ಡು ಹಾಕಿಕೊಂಡ ಮೂರು ಮಹಡಿಯ ಕಟ್ಟಡ ಬೇರೆ.

ಸಾಲದ ವಿಷಯದಲ್ಲಿ ಒಂದು ಎಚ್ಚರಿಕೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಧಾರ ಕೇಳುವುದಿಲ್ಲ, 7.5 ಲಕ್ಷ ದಾಟಿದರೆ ಸ್ಥಿರಾಸ್ತಿಯಂಥ ಭದ್ರತೆ ಕೇಳುತ್ತಾರೆ. ಆದರೆ ಆಧಾರದ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆಯೇ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಸಾಲ ಮರಳದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತದೆ ತೋಟವನ್ನು ಹರಾಜು ಹಾಕಲು ಬ್ಯಾಂಕಿಗೆ ಆಗದು. ಅದರಿಂದ ತೋಟ ಎಷ್ಟೇ ಬೆಲೆಬಾಳಲಿ, ಶಿಕ್ಷಣ ಸಾಲಕ್ಕೆ ಅದನ್ನು ಆಧಾರವಾಗಿ ಒಪ್ಪಲು ಅನೇಕ ಶಾಖೆಗಳು ಹಿಂಜರಿಯುತ್ತವೆ, ಪೇಟೆಯ ಮನೆ, ಭೂಪರಿವರ್ತನೆಯಾದ ನಿವೇಶನ ಅಥವಾ ಠೇವಣಿ ಇದೆಯೇ ಎಂದು ಕೇಳುತ್ತವೆ. ಪಹಣಿಯೇ ಇಲ್ಲದ ಬಗರ್‌ಹುಕುಂ ಭಾಗವನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ಮಗಳು ಶುಲ್ಕದ ಮುಂಗಡ ಕಟ್ಟುವ ಮೊದಲೇ ಶಾಖೆಗೆ ಹೋಗಿ ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಮುಂಗಡ ಕಟ್ಟಿ ಆಮೇಲೆ ಆಧಾರ ಹುಡುಕುತ್ತ ಓಡಾಡಿದವರನ್ನು ನಾನು ನೋಡಿದ್ದೇನೆ.

ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಬಡ್ಡಿ ಮಾತ್ರ ಮೊದಲ ದಿನದಿಂದಲೇ ಏರುತ್ತಿರುತ್ತದೆ. ಸಾಲ ರೂಪಾಯಿಯಲ್ಲಿ, ಶುಲ್ಕ ರಿಂಗಿಟ್ಟಿನಲ್ಲಿ. ನಡುವಿನ ಏರಿಳಿತಕ್ಕೆ ಸ್ವಲ್ಪ ಹಣ ಎತ್ತಿಟ್ಟುಕೊಳ್ಳಬೇಕು. ತೋಟದ ಆದಾಯದಿಂದಲೇ ಕಂತು ತೀರಿಸುವ ಎಣಿಕೆ ಇದ್ದರೆ, ಎಲೆಚುಕ್ಕೆ ಮತ್ತು ಕೊಳೆರೋಗ ಬಂದ ವರ್ಷದ ಆದಾಯವನ್ನು ಹಿಡಿದು ಲೆಕ್ಕ ಹಾಕಿ, ಧಾರಣೆ ಮೇಲಿದ್ದ ವರ್ಷದ್ದನ್ನಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆಯಂಥ ನೆರವುಗಳಿವೆ. ನಿಮಗೆ ಅನ್ವಯಿಸುವುದಾದರೆ ಸಮಾಜ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಬಿಬಿಎ ಓದಲು ನೇರವಾಗಿ ಸಿಂಗಪುರಕ್ಕೆ ಹೋಗುವುದು ಸರಿಯೇ?
(ವಿದ್ಯಾರ್ಥಿ, ಭದ್ರಾವತಿ)

ಉತ್ತರ: ಅಲ್ಲಿಯ ರಾಷ್ಟ್ರೀಯ ವಿಶ್ವವಿದ್ಯಾಲಯದಂಥ ಕಡೆ ಪ್ರವೇಶ ಸಿಗುವಷ್ಟು ಅಂಕಗಳಿದ್ದರೆ ಖಂಡಿತ ಯೋಚಿಸಿ. ವಿದೇಶಿ ವಿದ್ಯಾರ್ಥಿಗಳಿಗೂ ಸರ್ಕಾರದ ಶುಲ್ಕ ಸಹಾಯಧನ ಇದೆ. ಅದನ್ನು ಪಡೆದವರು ಪದವಿಯ ಬಳಿಕ ಮೂರು ವರ್ಷ ಸಿಂಗಪುರದ ಕಂಪನಿಯಲ್ಲಿ ದುಡಿಯುವುದಾಗಿ ಕರಾರು ಬರೆದುಕೊಡಬೇಕು. ಕೆಲಸ ಸಿಕ್ಕವರಿಗೆ ಅದು ವರವೇ, ಮನೆಯ ಕಾರಣಕ್ಕೆ ನಡುವೆ ಮರಳಬೇಕಾದವರಿಗೆ ದೊಡ್ಡ ಹೊರೆ. ಪ್ರವೇಶ ಸಿಗದಿದ್ದರೆ, ಸಿಂಗಪುರದ ಹೆಸರಿಗಾಗಿ ಅಲ್ಲಿಯ ಯಾವುದೋ ಸಣ್ಣ ಖಾಸಗಿ ಕಾಲೇಜಿಗೆ ಸೇರುವುದಕ್ಕಿಂತ ಶಿವಮೊಗ್ಗದಲ್ಲೇ ಬಿಬಿಎ ಮುಗಿಸಿ, ಸ್ನಾತಕೋತ್ತರಕ್ಕೆ ಹೊರಡುವುದು ಲೇಸು.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತೇವೆ. ಮಲೇಷ್ಯಾ, ಸಿಂಗಪುರಕ್ಕೆ ಕಳುಹಿಸಬಹುದು ಎನ್ನುತ್ತಾರೆ. ಈ ವಯಸ್ಸಿನಲ್ಲಿ ಕಾಲೇಜಿಗೆ ಹೋಗುವಂತಿಲ್ಲ. ಮನೆಯಲ್ಲಿದ್ದೇ ಆ ದೇಶಗಳ ವ್ಯವಹಾರ ಕಲಿಯುವ ದಾರಿ ಇದೆಯೇ?
(ಗೃಹಿಣಿ, ಕೊಪ್ಪ)

ಉತ್ತರ: ಇದೆ, ಅಮ್ಮಾ. ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ನಿರ್ವಹಣೆ ಮತ್ತು ವಿದೇಶಿ ವ್ಯಾಪಾರದ ಪಾಠಗಳನ್ನು ಉಚಿತವಾಗಿ ಕೇಳಬಹುದು. ಹೆಚ್ಚಿನವು ಇಂಗ್ಲಿಷಿನಲ್ಲಿರುವುದರಿಂದ ಸಂಘದಲ್ಲಿ ಪದವಿ ಓದಿದ ಹುಡುಗಿಯೊಬ್ಬಳನ್ನು ಜೊತೆಗೆ ಕೂರಿಸಿಕೊಳ್ಳಿ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ‘ನಿರ್ಯಾತ್ ಬಂಧು’ ಎಂಬ ಹೆಸರಿನಲ್ಲಿ ಹೊಸ ರಫ್ತುದಾರರಿಗೆ ಮಾರ್ಗದರ್ಶನ ನೀಡುತ್ತದೆ. ರಫ್ತಿಗೆ ಆ ನಿರ್ದೇಶನಾಲಯ ಕೊಡುವ ಆಮದು-ರಫ್ತು ಸಂಕೇತ ಸಂಖ್ಯೆ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಎರಡೂ ಬೇಕು.

ಎರಡು ದೇಶಗಳನ್ನು ಒಂದೇ ಪತ್ರದಲ್ಲಿ ಬರೆದಿದ್ದೀರಿ, ಮೊದಲ ಪತ್ರದ ಹುಡುಗನಿಗೆ ಹೇಳಿದ ಮಾತನ್ನೇ ನಿಮಗೂ ಹೇಳಬೇಕಾಗಿದೆ. ಸಿಂಗಪುರದಲ್ಲಿ ತಮಿಳು ಅಧಿಕೃತ ಭಾಷೆಗಳಲ್ಲೊಂದು. ನಮ್ಮ ಕಡೆಯ ಉಪ್ಪಿನಕಾಯಿಯ ರುಚಿ ಬಲ್ಲ ದಕ್ಷಿಣ ಭಾರತೀಯರು ಅಲ್ಲಿಯೂ ಮಲೇಷ್ಯಾದಲ್ಲಿಯೂ ಇದ್ದಾರೆ, ಆದ್ದರಿಂದ ಮೊದಲ ಗಿರಾಕಿಗಳು ಅವರೇ. ಮಲೇಷ್ಯಾದ ಮಲಯ ಗಿರಾಕಿಗಳನ್ನೂ ತಲುಪಬೇಕೆಂದರೆ ಬಾಟಲಿಯ ಮೇಲೆ ಹಲಾಲ್ ಮುದ್ರೆ ಬೇಕಾಗುತ್ತದೆ. ಯಾರಾದರೂ ಮುಂದೆ ಇಂಡೋನೇಷ್ಯಾದ ಆಸೆ ತೋರಿಸಿದರೆ, 2014ರ ಕಾಯ್ದೆಯಂತೆ ಅಲ್ಲಿ ಆಹಾರ ಪದಾರ್ಥಗಳಿಗೆ ಹಲಾಲ್ ಪ್ರಮಾಣಪತ್ರವನ್ನು ಹಂತಹಂತವಾಗಿ ಕಡ್ಡಾಯ ಮಾಡುತ್ತಿದ್ದಾರೆ ಎಂಬುದು ನೆನಪಿರಲಿ. ದೊಡ್ಡ ಮತ್ತು ಮಧ್ಯಮ ಉದ್ಯಮಗಳಿಗೆ 2024ರ ಅಕ್ಟೋಬರಿನಿಂದಲೇ ಅದು ಅನ್ವಯಿಸುತ್ತದೆ. ಉಪ್ಪಿನಕಾಯಿಯಲ್ಲಿ ಮಾಂಸವಿಲ್ಲ, ಮದ್ಯವಿಲ್ಲ, ಮುದ್ರೆ ಏಕೆ ಎಂದು ನಿಮಗೆ ಅನ್ನಿಸಬಹುದು. ಪಾತ್ರೆ, ಗೋದಾಮು, ಎಣ್ಣೆ ಎಲ್ಲಿಂದ ಬಂತು ಎಂಬುದನ್ನೂ ಅವರು ನೋಡುತ್ತಾರೆ, ನಮ್ಮಲ್ಲಿ ಮಡಿ ಉಪ್ಪಿನಕಾಯಿಯ ಭರಣಿಯನ್ನು ಯಾರು ಮುಟ್ಟಿದರು ಎಂದು ಅಜ್ಜಿಯರು ವಿಚಾರಿಸುತ್ತಿದ್ದ ಹಾಗೆ.

ಮೊದಲ ಮಾದರಿ ಬಾಟಲಿಗಳನ್ನು ಸಿಂಗಪುರಕ್ಕೇ ಕಳುಹಿಸಿ, ಹತ್ತೋ ಇಪ್ಪತ್ತೋ ಸಾಕು. ಮಿಡಿಯ ತೊಟ್ಟು ಉಳಿಸಿಕೊಂಡೇ ಹಾಕಿ. ಅಪ್ಪೆಮಿಡಿ ಗೊತ್ತಿರುವವರು ಬಾಟಲಿ ತಿರುಗಿಸಿ ಮೊದಲು ನೋಡುವುದು ಅದನ್ನೇ.